ಜೇನುರೊಟ್ಟಿಯ ಹೃದಯ ಮತ್ತು ನಿಷ್ಕಳಂಕ ಸ್ಟೇಷನ್ ಮಾಸ್ತರ್

"ಈ ವರ್ಷವೂ ನನ್ನ ಹೆಸರು ಬರೋದಿಲ್ಲ. ಬೇಕಾದ್ರೆ ಬಾಜಿ ಕಟ್ಟು!"

ಜಾತ್ರೆಯ ಭಾನುವಾರ ಬೆಳಿಗ್ಗೆ, ಬೇಯಿಸಿದ ಮೊಟ್ಟೆಯ ನೆತ್ತಿಯನ್ನು ಚಮಚದ ಒಂದೇ ಏಟಿಗೆ ಹಾರಿಸುತ್ತ, ನಿವೃತ್ತ ಸ್ಟೇಷನ್ ಮಾಸ್ತರ್ ಗೆರ್ನೋಟ್ ಡಿಟ್‌ಮಾರ್ ಅವರು ತಮ್ಮ ಧರ್ಮಪತ್ನಿ ರೋಸ್ವಿತಾ ಅವರ ಮುಂದೆ ಹೀಗೆಂದು ಘೋಷಿಸಿದರು. ಘೋಷಣೆ ಅವರಿಗೆ ಹೊಸದಲ್ಲ. ಜೀವಮಾನವೆಲ್ಲ ಘೋಷಣೆಯಲ್ಲೇ ಕಳೆದವರು. ಅವರು ಪ್ಲಾಟ್‌ಫಾರಂ ಮೇಲೆ ಬಂದು ನಿಂತರೆ ಚರ್ಚಿನ ಗಡಿಯಾರ ತನ್ನ ಮುಳ್ಳನ್ನು ಗುಟ್ಟಾಗಿ ಸರಿಪಡಿಸಿಕೊಳ್ಳುತ್ತಿತ್ತು ಎಂದು ಊರಿನಲ್ಲಿ ಮಾತಿದೆ. ನಾನು ನಂಬುತ್ತೇನೆ.

ಎರ್ಲೆನ್‌ರೋಡಾ ಊರಿನಲ್ಲಿ 'ಹೆಸರು ಬರುವುದು' ಎಂದರೆ ಅರ್ಥ ಒಂದೇ. ಜಾತ್ರೆ ಮುಗಿಯುವ ಸೋಮವಾರ ಮಧ್ಯಾಹ್ನ ಒಂದು ಹುಲ್ಲುಗೊಂಬೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ, ಇದೇ ತೀರಿಕೊಂಡ ನಮ್ಮ ಜಾತ್ರೆ ಎಂದು ಬಿಯರ್ ಡೇರೆಯಲ್ಲಿ ಊರಿಗೆ ಊರೇ ಕೂತು ಗೋಳಾಡುತ್ತದೆ. ಹೂಳುವ ಮೊದಲು ಚಿಮಣಿ ಗುಡಿಸುವ ಆನ್ಸ್‌ಗರ್ ಖಾಲಿ ಪೀಪಾಯಿಯ ಮೇಲೆ ಹತ್ತುತ್ತಾನೆ. ಆ ವರ್ಷ ಯಾರು ಯಾರು ಏನೇನು ಎಡವಟ್ಟು ಮಾಡಿಕೊಂಡರು ಎಂಬುದನ್ನು ಹೆಸರು ಹಿಡಿದು, ಪಾದ್ರಿಯ ದನಿಯಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ ಪ್ರವಚನ ಹೇಳುತ್ತಾನೆ. ಅವನ ಕುಂಚ ಇಳಿಯದ ಚಿಮಣಿಯಿಲ್ಲ, ಅವನ ಕಿವಿಗೆ ಬೀಳದ ಅಡುಗೆಮನೆಯ ಜಗಳವಿಲ್ಲ. ಮೇಯರ್ ಸಾಹೇಬರು ತಾವೇ ಉದ್ಘಾಟಿಸಿದ ಸಾರ್ವಜನಿಕ ಶೌಚಾಲಯದೊಳಗೆ ಸಿಕ್ಕಿಹಾಕಿಕೊಂಡು ಕಿಟಕಿಯಿಂದಲೇ ಧನ್ಯವಾದ ಭಾಷಣ ಮಾಡಿದ್ದು, ಹಲ್ಲಿನ ಡಾಕ್ಟರು ತಮ್ಮ ಸ್ವಂತ ಹಲ್ಲಿನ ಸೆಟ್ಟನ್ನು ಈಜುಕೊಳದಲ್ಲಿ ತೇಲಿಬಿಟ್ಟದ್ದು, ಎಲ್ಲವೂ ಹೀಗೆ ಇತಿಹಾಸ ಸೇರಿದವು.

ಇನ್ನು ಬುಟ್ಟಿ ಹೆಣೆಯುವ ವೆಂಡೆಲಿನ್ ಇದ್ದಾನಲ್ಲ, ಮಾಸ್ತರರ ಪಕ್ಕದ ಮನೆಯವನು, ಬಾಲ್ಯದ ಗೆಳೆಯ, ಹೆಂಡತಿ ತೀರಿಕೊಂಡು ಬಹಳ ವರ್ಷವಾದ ಒಂಟಿ ಜೀವ. ಅವನ ಹೆಸರು ಬಾರದ ಪ್ರವಚನವೇ ಇಲ್ಲ. ಹೋದ ವರ್ಷ ಭಾರೀ ಬುಟ್ಟಿಯೊಂದನ್ನು ಒಳಗೆ ಕೂತು ಹೆಣೆಯುತ್ತ ಹೆಣೆಯುತ್ತ ಮೈಮರೆತು ಬಾಯನ್ನೂ ಹೆಣೆದು ಮುಚ್ಚಿಬಿಟ್ಟು, ಅಗ್ನಿಶಾಮಕ ದಳದವರು ಬಂದು ಕತ್ತರಿಸಿ ತೆಗೆಯಬೇಕಾಯಿತು. ಪ್ರವಚನದಲ್ಲಿ ಅದು ಬಂದಾಗ ಅವನು ಎದ್ದು ನಿಂತು ಕೈಮುಗಿದ.

ಆದರೆ ಗೆರ್ನೋಟ್ ಡಿಟ್‌ಮಾರ್? ಒಂದು ಸಲವೂ ಇಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೆ ಆ ಹೆಸರಿಗೆ ಚಿಮಣಿಯ ಮಸಿ ತಾಗಿಲ್ಲ.

"ಬಾಜಿ ಗೀಜಿ ಬೇಡ," ರೋಸ್ವಿತಾ ರೊಟ್ಟಿಗೆ ಬೆಣ್ಣೆ ಸವರುತ್ತ ಅಂದರು. "ನಿಮ್ಮ ಹೆಸರು ಹೇಗ್ ಬರುತ್ತೆ? ಏನಾದ್ರೂ ಮಾಡಿದ್ರೆ ತಾನೇ ಬರೋದು!"

"ಅಂದ್ರೆ?"

"ಜಾತ್ರೆಗೆ ಹೋಗ್ತೀರಿ, ಕೈ ಹಿಂದೆ ಕಟ್ಕೊಂಡು ಒಂದು ಸುತ್ತು ಹಾಕ್ತೀರಿ, ಸಾಸೇಜು ತಿಂತೀರಿ, ಬರ್ತೀರಿ. ಅಷ್ಟೂ ಹೆಂಗಸ್ರ ಕೊರಳಲ್ಲಿ ಯಾರಾದ್ರೂ ಪ್ರೀತಿಯಿಂದ ಬರೆಸಿ ಕೊಡಿಸಿದ ಜೇನುರೊಟ್ಟಿ ಹೃದಯ ಇರುತ್ತೆ. ಬೇಕರಿ ಅಜ್ಜಿ ಕೊರಳಲ್ಲೂ ಇರುತ್ತೆ, ಆ ಯಮ್ಮನಿಗೆ ಎಂಬತ್ತಾಯ್ತು! ನನ್ನ ಕೊರಳಲ್ಲಿ ಏನಿರುತ್ತೆ? ಮಫ್ಲರ್ರು."

"ಮಫ್ಲರ್ ಬೆಚ್ಚಗಿರುತ್ತೆ."

"ಇರುತ್ತೆ ಬಿಡಿ," ಅಂದರು ರೋಸ್ವಿತಾ. ಸಿಟ್ಟಿನಿಂದ ಅಂದಿದ್ದರೆ ಮಾಸ್ತರರು ಉತ್ತರ ಕೊಡುತ್ತಿದ್ದರು. ಆಕೆ ನಕ್ಕು ಅಂದುಬಿಟ್ಟರು. ಮಾಸ್ತರರು ಚಮಚ ಕೆಳಗಿಟ್ಟರು.

ಕಾರಣವಿತ್ತು. ಆ ವಸಂತದಲ್ಲಿ ರೋಸ್ವಿತಾಗೆ ದೊಡ್ಡ ಆಪರೇಷನ್ ಆಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಾಸ್ತರರು ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಕಣ್ಣು ಬಿಟ್ಟ ಕೂಡಲೇ ಆಕೆಗೆ ಹೇಳಬೇಕಾದ ಮಾತೊಂದನ್ನು ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದರು. ಆಕೆ ಕಣ್ಣು ಬಿಟ್ಟರು. ಮಾಸ್ತರರು ಬಾಯಿ ಬಿಟ್ಟರು. ಹೊರಬಂದ ಮಾತು: "ಮನೆ ಗಿಡಕ್ಕೆಲ್ಲ ನೀರು ಹಾಕಿದೀನಿ."

ಹೇಳದೆ ಉಳಿದ ಆ ಮಾತು ಅಂದಿನಿಂದ ಎದೆಯಲ್ಲಿ ಸಿಗ್ನಲ್ ಸಿಗದ ಗೂಡ್ಸ್ ಗಾಡಿಯಂತೆ ನಿಂತೇ ಇತ್ತು.

ಆದ್ದರಿಂದ ಮಾಸ್ತರರು ಆ ಕ್ಷಣದಲ್ಲೇ ಎರಡನೆಯ ಸಂಕಲ್ಪ ಮಾಡಿದರು. ಈ ಸಲ ರೋಸ್ವಿತಾಗೆ ಹೃದಯ ಕೊಡಿಸಿಯೇ ಸಿದ್ಧ! ಮಾಸ್ತರರು ಪ್ರೀತಿಯ ಮಾತು ಬರೆಸಿದರೆಂದು ತಿಳಿದರೆ ಆನ್ಸ್‌ಗರ್ ಬಿಡುತ್ತಾನೆಯೇ? ಹೆಸರೂ ಕೆಡಬಾರದು, ಹೃದಯವೂ ತಲುಪಬೇಕು. ಎರಡು ರೈಲು, ಒಂದೇ ಹಳಿ. ಇಂಥ ಸಂದರ್ಭದಲ್ಲಿ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಆದರೂ ಹಸಿರು ಬಾವುಟ ತೋರಿಸಿಯೇಬಿಟ್ಟರು.

ಚರ್ಚಿನ ಹಿಂದಿನ ಬೀದಿಯಲ್ಲಿ ಕುಶಲಕರ್ಮಿಗಳ ಸಂತೆ. ಕುಂಬಾರರು, ಬ್ರಷ್ಷು ಕಟ್ಟುವವರು, ಮರದ ಚಮಚ ಕೆತ್ತುವವರು, ಅವರ ನಡುವೆ ವೆಂಡೆಲಿನ್‌ನ ಬುಟ್ಟಿ ಅಂಗಡಿ. ಬೀದಿ ಮುಗಿದಲ್ಲಿ ಮೈದಾನ. ಅಲ್ಲಿ ರಾಟವಾಳ, ಸರಪಳಿ ಉಯ್ಯಾಲೆ, ಗುರಿ ಹೊಡೆಯುವ ಅಂಗಡಿ, ಕತ್ತಲ ಗುಹೆಯಲ್ಲಿ ಕೂರಿಸಿ ಹೆದರಿಸುವ ದೆವ್ವದ ರೈಲು. ತುಂತುರು ಮಳೆ ಶುರುವಾಗಿತ್ತು. ಹುರಿದ ಬಾದಾಮಿಯ ಸಕ್ಕರೆ ವಾಸನೆಯೂ ಸಾಸೇಜಿನ ಹೊಗೆಯೂ ಒಂದರ ಮೈಮೇಲೊಂದು ಬಿದ್ದು ಹೊರಳಾಡುತ್ತಿದ್ದವು.

"ಬಂದೆಯಾ ಮಾರಾಯ! ದೇವ್ರು ಬಂದ್ ಹಾಗ್ ಬಂದೆ!" ವೆಂಡೆಲಿನ್ ಬುಟ್ಟಿಗಳ ನಡುವಿಂದ ಎದ್ದ. "ಒಂದು ಗ್ಲಾಸು ಬಿಯರ್ ಕುಡಿದು ಬರ್ತೀನಿ. ಅಂಗಡಿ ನೋಡ್ಕೋ."

"ನಿನ್ನ ಒಂದು ಗ್ಲಾಸಿಗೆ ತಳ ಇರಲ್ಲ."

"ತಳ ಇಲ್ದೆ ಇರೋದು ಬುಟ್ಟಿಗೆ ಕಣೋ, ಅದೂ ನಾನು ಕುಡಿದು ಹೆಣೆದಿದ್ರೆ!" ಎಂದು ವೆಂಡೆಲಿನ್ ನಗುತ್ತ ಹೋದವನು ತನ್ನ ಮಳೆಯಂಗಿಯನ್ನೂ ಟೊಪ್ಪಿಯನ್ನೂ ಗೂಟದಲ್ಲೇ ಬಿಟ್ಟ.

ಈ ಎರಡು ವಸ್ತುಗಳ ಬಗ್ಗೆ ಎರಡು ಮಾತು. ಅಂಗಿಯ ಬಣ್ಣ ಹಳದಿ. ಎಂಥ ಹಳದಿಯೆಂದರೆ, ಮಂಜು ಕವಿದ ದಿನ ವೆಂಡೆಲಿನ್ ಅದನ್ನು ತೊಟ್ಟು ಗುಡ್ಡ ಹತ್ತಿದರೆ ಊರಿನ ಹುಂಜಗಳು ಸೂರ್ಯ ಹುಟ್ಟಿದನೆಂದು ಕೂಗುತ್ತಿದ್ದವು. ಟೊಪ್ಪಿಗೆ ಬುಟ್ಟಿಯಷ್ಟು ಅಗಲದ ಅಂಚು, ನೆತ್ತಿಗೆ ಮೊಳದುದ್ದದ ಕೋಳಿಗರಿ. ಸುತ್ತ ಹತ್ತೂರಿನಲ್ಲಿ ಅಂಥ ಜೋಡಿ ಇನ್ನೊಂದಿಲ್ಲ.

ಮಾಸ್ತರರು ಗೂಟವನ್ನು ನೋಡಿದರು. ಮೈದಾನದ ಅಂಚಿನಲ್ಲಿದ್ದ ಹೃದಯದ ಅಂಗಡಿಯನ್ನು ನೋಡಿದರು. ಮತ್ತೆ ಗೂಟವನ್ನು ನೋಡಿದರು. ಮಳೆಯೇನೋ ಬರುತ್ತಿತ್ತು. ಮಳೆ ಬಂದಾಗ ಗೆಳೆಯನ ಅಂಗಿ ತೊಡುವುದು ಯಾವ ಕಾನೂನಿನಲ್ಲಿ ಅಪರಾಧ? ಯಾರಾದರೂ ತಪ್ಪು ತಿಳಿದುಕೊಂಡರೆ ಅದು ನೋಡಿದವರ ಕಣ್ಣಿನ ದೋಷ. ಹೇಗೂ ವೆಂಡೆಲಿನ್ ಹೆಸರು ಬರುತ್ತದೆ. ಮುಳುಗಿದವನ ಮೇಲೆ ಇನ್ನೊಂದು ಚೊಂಬು ನೀರು!

ಪಕ್ಕದ ಕುಂಬಾರಗಿತ್ತಿ ಗಿರಾಕಿಗಳ ಜೊತೆ ಚೌಕಾಸಿಯಲ್ಲಿದ್ದಳು. ಮಾಸ್ತರರು ಅಂಗಿ ತೊಟ್ಟರು, ಟೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡರು, ಹೊರಟರು.

ಹೃದಯದ ಅಂಗಡಿಯ ಹೆಂಗಸು ಜಾತ್ರೆಯಿಂದ ಜಾತ್ರೆಗೆ ಅಲೆಯುವವಳು, ಪರ ಊರಿನವಳು. ಅಂಗೈಯಗಲದ ಹೃದಯದಿಂದ ಹಿಡಿದು ಬಾಗಿಲಿಗೆ ಬದಲಾಗಿ ನಿಲ್ಲಿಸಬಹುದಾದಂಥ ಹೃದಯದವರೆಗೆ ಸಾಲಾಗಿ ತೂಗುಹಾಕಿದ್ದಳು. ಎಲ್ಲಕ್ಕೂ ಸಕ್ಕರೆಯ ಹೂಬಳ್ಳಿಯ ಅಂಚು, ಕೊರಳಿಗೆ ಹಾಕಿಕೊಳ್ಳಲು ಕೆಂಪು ಪಟ್ಟಿ.

"ಯಾವ ಸೈಜು ಅಜ್ಜ?"

"ಎಲ್ಲಕ್ಕಿಂತ ದೊಡ್ಡದು." ತಡವಾದಷ್ಟೂ ಬಾಕಿ ಬೆಳೆದಿರುತ್ತದಲ್ಲ!

"ಏನ್ ಬರೀಲಿ? ಬರೆದಿಟ್ಟಿರೋದ್ರಲ್ಲಿ 'ನೀನೇ ನನ್ನ ಪ್ರಾಣ' ಇದೆ, 'ಮುದ್ದಿನ ಅತ್ತೆಗೆ' ಇದೆ, 'ಊರಿಗೇ ಚೆಲುವ' ಇದೆ."

"ಬೇರೆ ಬರೀಬೇಕು. ರೋಸ್ವಿತಾಗೆ."

"ರೋ-ಸ್ವಿ-ತಾ... ಹಾಂ, ಮುಂದೆ?"

ಮುಂದೆ! ಆ ಗೂಡ್ಸ್ ಗಾಡಿ ಎದೆಯಿಂದ ಹೊರಟು ಗಂಟಲಿಗೆ ಬಂದು ನಿಂತಿತು. ಮಾಸ್ತರರ ಹಿಂದೆ ಪಕ್ಕದೂರಿನ ಹೆಂಗಸರು ಸೇರತೊಡಗಿದರು. ಬಹಳ ಯೋಚಿಸಿ ಅವರು ಅಂದರು: "ತಮ್ಮ ದೀರ್ಘಕಾಲದ ಸೇವೆಯನ್ನು ಮೆಚ್ಚಿ..."

ಹೆಂಗಸು ಸಕ್ಕರೆಯ ಕೊಳವೆಯನ್ನು ಕೆಳಗಿಟ್ಟಳು. "ಅಜ್ಜ, ಇದೇನು ರಿಟೈರ್‌ಮೆಂಟ್ ಪಾರ್ಟಿನಾ?"

"ಹಾಗಾದ್ರೆ... 'ಈವರೆಗಿನ ವ್ಯವಸ್ಥೆ ಎಲ್ಲವೂ ತೃಪ್ತಿಕರವಾಗಿದೆ.'"

"ಅಯ್ಯೋ ದೇವರೇ. ಮನೇಲಿ ಏನಂತ ಕರೀತೀರಾ?"

"ರೋಸ್ವಿತಾ ಅಂತ."

"ಅದು ಸರಿ. ಪ್ರೀತಿ ಬಂದಾಗ?"

"ಆಗ್ಲೂ ರೋಸ್ವಿತಾ ಅಂತಲೇ." ಮಾಸ್ತರರು ಟೊಪ್ಪಿಯ ಕೆಳಗೆ ಕೆಂಪಾದರು. "ಸ್ವಲ್ಪ ಮೆಲ್ಲಗೆ."

ಹಿಂದೆ ನಿಂತಿದ್ದ ಹೆಂಗಸರು ಹಾ ಎಂದು ಉಸಿರುಬಿಟ್ಟರು. ಅಂಗಡಿಯವಳ ಮನಸ್ಸೂ ಕರಗಿರಬೇಕು. "ನೀವು ಸುಮ್ನೆ ನಿಂತ್ಕೊಳ್ಳಿ, ನಾನು ಬರೀತೀನಿ" ಎಂದು ಬಿಳಿ ಸಕ್ಕರೆಯಲ್ಲಿ ಬರೆದೇಬಿಟ್ಟಳು: 'ರೋಸ್ವಿತಾ, ನನ್ನ ಇಲಿಮರೀ, ನೀನಿಲ್ಲದೆ ನಾನಿಲ್ಲ.'

ಪ್ರೀತಿ ಉಕ್ಕಿದವರು ಅಲ್ಲಿ ಒಬ್ಬರನ್ನೊಬ್ಬರು ಇಲಿಮರಿ ಎನ್ನುವುದು ವಾಡಿಕೆ. ಮಾಸ್ತರರ ಮನೆಯಲ್ಲಿ ಮಾತ್ರ ಇಲಿಗೆ ಬೋನು ಇಟ್ಟಿದ್ದರೇ ಹೊರತು ಇಲಿಮರಿ ಎಂದು ಯಾರೂ ಯಾರನ್ನೂ ಕರೆದಿರಲಿಲ್ಲ. ಅವರು ಓದಿದರು. ಮತ್ತೊಮ್ಮೆ ಓದಿದರು. ಇಲಿಮರಿಯೊಂದನ್ನು ಬಿಟ್ಟರೆ ಕಾರಿಡಾರಿನಲ್ಲಿ ಹೊಂದಿಸಿಟ್ಟುಕೊಂಡಿದ್ದ ಮಾತು ಅಕ್ಷರಶಃ ಇದೇ! ಕಣ್ಣು ಮಂಜಾಯಿತು. ಮಂಜಾದ ಕಣ್ಣಿಗೆ ಎದುರಿನಿಂದ ಕಂಡದ್ದು ಯಾರೆಂದುಕೊಂಡಿರಿ? ಪ್ಲಮ್ ಹಣ್ಣಿನ ಕೇಕು ಮೆಲ್ಲುತ್ತ ಇತ್ತಲೇ ಬರುತ್ತಿದ್ದ ರೋಸ್ವಿತಾ!

ಕೊಡುವುದಾದರೆ ಅದೇ ಕ್ಷಣ ಕೊಡಬಹುದಿತ್ತು. ಆದರೆ ಮೈಮೇಲೆ ವೆಂಡೆಲಿನ್‌ನ ಹಳದಿ, ತಲೆಯ ಮೇಲೆ ಕೋಳಿಗರಿ, ಸುತ್ತಲೂ ಊರು! ಮಾಸ್ತರರು ಹೃದಯವನ್ನು ಅಂಗಿಯೊಳಗೆ ತುರುಕಿಕೊಂಡು ಹತ್ತಿರ ಕಂಡ ಬಾಗಿಲಿಗೆ ನುಗ್ಗಿದರು. ಆ ಬಾಗಿಲಿಗೆ ಹಲ್ಲುಗಳಿದ್ದವು. ಅದು ದೆವ್ವದ ರೈಲಿನ ಬಾಗಿಲು.

ಜೀವಮಾನದಲ್ಲಿ ಅವರು ಹತ್ತಿದ ರೈಲುಗಳಲ್ಲೆಲ್ಲ ಇಷ್ಟು ಬೇಜವಾಬ್ದಾರಿಯ ರೈಲು ಇನ್ನೊಂದಿರಲಿಲ್ಲ. ಸಿಗ್ನಲ್ ಇಲ್ಲ, ಗಾರ್ಡ್ ಇಲ್ಲ, ತಿರುವಿನಲ್ಲಿ ಸೀಟಿ ಇಲ್ಲ. ಕತ್ತಲಲ್ಲಿ ಕೂತು ಈ ಲೋಪಗಳನ್ನು ಮನಸ್ಸಿನಲ್ಲೇ ಖಂಡಿಸುತ್ತಿದ್ದಾಗ, ಹಿಂದಿನಿಂದ ತಣ್ಣನೆಯ ಕೈಯೊಂದು ಹೆಗಲು ಹಿಡಿಯಿತು. ತಿರುಗಿದರು. ಅಸ್ಥಿಪಂಜರ!

ಮಾಸ್ತರರ ಕೈಗೆ ಸಿಕ್ಕ ಆಯುಧ ಒಂದೇ. ಬೀಸಿ ಬಡಿದರು.

ಎರ್ಲೆನ್‌ರೋಡಾ ಜಾತ್ರೆಯ ಜೇನುರೊಟ್ಟಿಯ ಗಟ್ಟಿತನದ ಬಗ್ಗೆ ಸಂಶಯವಿದ್ದವರು ಆ ಸದ್ದು ಕೇಳಬೇಕಿತ್ತು. ಹಳೆಯ ಕೋಟೆಯ ಗೋಡೆಗೆ ಕಲ್ಲಿನ ಬದಲು ಇದನ್ನೇ ಇಟ್ಟಿದ್ದಾರೆಂದು ಹೇಳುವವರಿದ್ದಾರೆ. ಹೃದಯ ನಡುವೆ ಸೀಳಿ ಎರಡು ಹೋಳಾಯಿತು.

"ಅಯ್ಯಯ್ಯೋ, ಸತ್ತೆ!" ಎಂದಿತು ಅಸ್ಥಿಪಂಜರ. "ಏನ್ರೀ ಯಜಮಾನ್ರೇ! ಹೆದರಿಸೋದು ನನ್ನ ಕೆಲ್ಸ. ಹೊಡೆಯೋದು ಯಾವ ನ್ಯಾಯ?"

ನ್ಯಾಯ ಕೇಳಲು ಮಾಸ್ತರರು ಅಲ್ಲಿರಲಿಲ್ಲ. ಗಾಡಿಯಿಂದ ಹಾರಿ, ಜೇಡರ ಬಲೆ ಹರಿದುಕೊಂಡು, ರಕ್ತಪಿಶಾಚಿಯೊಂದನ್ನು ಪಕ್ಕಕ್ಕೆ ತಳ್ಳಿ ಹಗಲಿಗೆ ಬಿದ್ದು ಓಡಿದರು. ಹಿಂದೆಯೇ ಅಸ್ಥಿಪಂಜರ, ಎರಡೂ ಕೈಯಲ್ಲಿ ಒಂದೊಂದು ಹೋಳು ಹಿಡಿದು! ಹೊಟ್ಟೆಪಾಡಿಗೆ ದೆವ್ವವಾಗಿದ್ದನೇ ಹೊರತು ಮನುಷ್ಯ ಪ್ರಾಮಾಣಿಕ.

"ಯಜಮಾನ್ರೇ, ನಿಲ್ಲಿ! ನಿಮ್ಮ ಹೃದಯ! ಹೃದಯ ಬಿಟ್ಟು ಹೋಗ್ತಿದೀರಿ!"

ನಿಲ್ಲುವ ಪೈಕಿಯೇ? ಹಳದಿ ಅಂಗಿ ಸಂತೆಯ ಬೀದಿಯಲ್ಲಿ ಎಕ್ಸ್‌ಪ್ರೆಸ್ಸಿನಂತೆ ಹಾಯಿತು. ಬ್ರಷ್ಷಿನವನ ಪೊರಕೆಗಳ ಕಂತೆ ಉರುಳಿತು. ಉರುಳಿದ ಪೊರಕೆ ಚಮಚದ ಮೇಜಿಗೆ ತಾಗಿತು, ಮೇಜು ವಾಲಿ ಚಮಚಗಳು ಮಳೆಗರೆದವು, ಅವುಗಳ ಮೇಲೆ ಜಾರಿದ ಒಬ್ಬ ದಪ್ಪ ಗೃಹಸ್ಥರು ಆಸರೆಗೆಂದು ಹಿಡಿದದ್ದು ಕುಂಬಾರಗಿತ್ತಿಯ ಬಟ್ಟಲುಗಳ ಗೋಪುರವನ್ನು. ಆ ಸದ್ದಿಗೆ ಚರ್ಚಿನ ಪಾರಿವಾಳಗಳು ಮೂರು ಊರು ದಾಟಿ ಕೂತವಂತೆ.

"ವೆಂಡೆಲಿನ್! ಮತ್ತೆ ಅವನೇ! ವೆಂಡೆಲಿನ್‌ಗೆ ಹುಚ್ಚು ಹಿಡೀತು!" ಬೀದಿ ಒಕ್ಕೊರಲಿನಿಂದ ಕೂಗಿತು.

ಈ ಗಲಾಟೆಯ ಮರೆಯಲ್ಲಿ ಮಾಸ್ತರರು ಬುಟ್ಟಿಗಳ ಹಿಂದೆ ನುಸುಳಿ, ಅಂಗಿಯನ್ನು ಗೂಟಕ್ಕೆ ಹಾಕಿ, ಅದರ ಮೇಲೆ ಟೊಪ್ಪಿ ಇಟ್ಟು, ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಕನ್ನಡಕ ಒರೆಸತೊಡಗಿದರು. ಅಸ್ಥಿಪಂಜರ ಏದುಸಿರು ಬಿಡುತ್ತ ಬಂತು.

"ಸಾರ್, ಹಳದಿ ಅಂಗಿಯವರು ಇತ್ತ ಓಡಿ ಬಂದ್ರಾ?"

ಮಾಸ್ತರರು ಬೀದಿಯ ಎರಡೂ ಕಡೆ ಗಂಭೀರವಾಗಿ ಕಣ್ಣು ಹಾಯಿಸಿದರು. "ಸದ್ಯಕ್ಕೆ ಓಡ್ತಾ ಇರೋರು ಯಾರೂ ನನಗೆ ಕಾಣಿಸ್ತಿಲ್ಲ," ಎಂದರು. ಒಂದಕ್ಷರ ಸುಳ್ಳಿಲ್ಲ! ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ರೈಲು ತಡವಾದರೆ ತಡ ಎಂದು ಹೇಳಿ ಬೈಸಿಕೊಂಡವರು.

ಅಸ್ಥಿಪಂಜರ ತಲೆಯ ಬುಗುಟನ್ನು ಸವರಿಕೊಳ್ಳುತ್ತ ವಿಚಾರಿಸಲು ಬಿಯರ್ ಡೇರೆಯ ಕಡೆ ಹೋಯಿತು. ಡೇರೆಯಲ್ಲಿ ಆನ್ಸ್‌ಗರ್ ಕೂತಿದ್ದ. ಅಸ್ಥಿಪಂಜರಗಳಿಗೂ ಓದು ಬರುತ್ತದೆ ಎಂಬ ಸಂಗತಿ ಮಾಸ್ತರರಿಗೆ ಆಗ ಹೊಳೆಯಲಿಲ್ಲ.

ಸಂಜೆ ಊಟಕ್ಕೆ ಕೂತಾಗ ರೋಸ್ವಿತಾ ಅಂದರು: "ಕೇಳಿದ್ರಾ? ವೆಂಡೆಲಿನ್ ಯಾರಿಗೋ ಹೃದಯ ಬರೆಸಿದ್ನಂತೆ. ಅಂಗಡಿ ಮುಂದೆ ನಿಂತು ನಾಚ್ಕೊಂಡ್ನಂತೆ. ಪಾಪ, ಆ ವಯಸ್ಸಲ್ಲೂ ನೋಡಿ!"

"ಹೂಂ," ಎಂದರು ಮಾಸ್ತರರು. ಈಗ ಹೇಳಿಬಿಡಲೇ? ಹೇಳಿದರೆ ಆಕೆ ಬೆಳಿಗ್ಗೆ ಬೇಕರಿಯಲ್ಲಿ ಹೇಳುತ್ತಾರೆ, ಬೇಕರಿಯ ಚಿಮಣಿ ಆನ್ಸ್‌ಗರ್‌ನ ಕಿವಿ. ಒಂದು ದಿನ ತಾಳಿಕೊಂಡರೆ ಪ್ರವಚನ ಮುಗಿಯುತ್ತದೆ, ಆಮೇಲೆ ನಿಧಾನವಾಗಿ ಹೇಳಿದರಾಯಿತು. ಹೀಗೆಂದುಕೊಂಡು ಆಲೂಗಡ್ಡೆಯ ಉಂಡೆಯನ್ನು ನುಂಗಿದರು.

ಸೋಮವಾರ ಮಧ್ಯಾಹ್ನ ಡೇರೆ ಕಿಕ್ಕಿರಿದಿತ್ತು. ಎದುರಿಗೆ ಶವಪೆಟ್ಟಿಗೆ, ಅದರೊಳಗೆ ಹುಲ್ಲುಗೊಂಬೆ, ಸುತ್ತ ಕಪ್ಪು ಬಟ್ಟೆಯ ವಿಧವೆಯರ ವೇಷದಲ್ಲಿ ಈರುಳ್ಳಿ ಹಿಡಿದು ಅಳುವ ಮೀಸೆಯ ಗಂಡಸರು. ಮಾಸ್ತರರು, ರೋಸ್ವಿತಾ, ವೆಂಡೆಲಿನ್ ಒಂದೇ ಬೆಂಚಿನಲ್ಲಿ. ವೆಂಡೆಲಿನ್ ಬೆಳಿಗ್ಗೆಯಿಂದ ಬೀದಿಯ ಬೈಗುಳವನ್ನೆಲ್ಲ ತಿಂದು, ತಾನು ಯಾವಾಗ ಓಡಿದೆನೆಂದು ತಿಳಿಯದೆ, ಬಿಯರ್ ಅಷ್ಟು ಗಟ್ಟಿಯಿತ್ತೇ ಎಂದು ಯೋಚಿಸುತ್ತಿದ್ದ.

ಆನ್ಸ್‌ಗರ್ ಎತ್ತರದ ಕಪ್ಪು ಟೊಪ್ಪಿಯಲ್ಲಿ ಪೀಪಾಯಿ ಹತ್ತಿದ. ಮೇಯರರ ಈ ವರ್ಷದ್ದು ಬಂತು, ಹಲ್ಲಿನ ಡಾಕ್ಟರರದ್ದು ಬಂತು. ಕೊನೆಗೆ ದನಿ ತಗ್ಗಿಸಿದ.

"ಶೋಕತಪ್ತ ಬಂಧುಗಳೇ! ನಿನ್ನೆ ನಮ್ಮ ಊರಿನಲ್ಲಿ ಒಂದು ಹೃದಯ ಒಡೆಯಿತು. ಒಡೆದದ್ದು ಒಬ್ಬ ಬಡ ಅಸ್ಥಿಪಂಜರದ ತಲೆಯ ಮೇಲೆ! ಹೊಡೆದ ಕೈ ಯಾವುದೆಂದು ಆ ಹಳದಿ ಅಂಗಿ ಹೇಳಿದೆ. ಆದರೆ ಆ ಹೃದಯ ಯಾರಿಗೆ?" ಮಡಿಸಿದ ಮೇಜಿನ ಬಟ್ಟೆಯಿಂದ ಎರಡು ಹೋಳು ತೆಗೆದು ಜೋಡಿಸಿ ಎತ್ತಿ ಹಿಡಿದ. "'ರೋಸ್ವಿತಾ, ನನ್ನ ಇಲಿಮರೀ, ನೀನಿಲ್ಲದೆ ನಾನಿಲ್ಲ!'"

ಊರಿನಲ್ಲಿ ರೋಸ್ವಿತಾ ಒಬ್ಬರೇ. ಡೇರೆಯ ಅಷ್ಟೂ ತಲೆಗಳು ಒಂದೇ ಬೆಂಚಿನ ಕಡೆ ತಿರುಗಿದವು. ಈರುಳ್ಳಿ ಹಿಡಿದ ವಿಧವೆಯರೂ ಅಳು ನಿಲ್ಲಿಸಿದರು.

ವೆಂಡೆಲಿನ್‌ಗೆ ಬೆಳಕು ಹರಿಯಿತು. ಅಂಗಡಿ ನೋಡಿಕೊಂಡವರು ಯಾರು, ಅಂಗಿ ನೇತುಹಾಕಿದ್ದು ಎಲ್ಲಿ! ಪಕ್ಕಕ್ಕೆ ನೋಡಿದ. ಮಾಸ್ತರರ ಮುಖ ಸುಣ್ಣದ ಗೋಡೆಯಾಗಿತ್ತು. ಆ ಮನುಷ್ಯನಿಗೆ ತನ್ನ ನಿಷ್ಕಳಂಕ ಹೆಸರು ಎಷ್ಟು ದೊಡ್ಡದೆಂದು ವೆಂಡೆಲಿನ್‌ನಷ್ಟು ಬಲ್ಲವರಿಲ್ಲ. ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟ.

"ಹೌದು. ನಾನೇ!"

"ಹೋ!" ಎಂದಿತು ಡೇರೆ.

ರೋಸ್ವಿತಾ ಸಿಟ್ಟಾಗಬಹುದೆಂದು ಮಾಸ್ತರರು ಕಾದರು. ಆಕೆ ಸಿಟ್ಟಾಗಲಿಲ್ಲ. ಆಪರೇಷನ್ ಆದಮೇಲೆ ಬಿಳಿಚಿಕೊಂಡಿದ್ದ ಕೆನ್ನೆಗೆ ಮೊದಲ ಬಾರಿ ಬಣ್ಣ ಬಂತು. "ಏನ್ ವೆಂಡೆಲಿನ್, ನಿನ್ನ ತಲೆಹರಟೆ!" ಎಂದರು, ದನಿ ಸ್ವಲ್ಪ ನಡುಗಿತು. "ಹುಚ್ಚಾಟವೋ ಏನೋ, ಇರಲಿ. ನನಗೆ ಇಂಥದ್ದು ಯಾರೂ ಬರೆಸಿರಲಿಲ್ಲ. ಥ್ಯಾಂಕ್ಸ್ ಕಣಪ್ಪ."

ಇದನ್ನು ತಡೆದುಕೊಳ್ಳಲು ಮಾಸ್ತರರ ಕೈಲಿ ಆಗಲಿಲ್ಲ. ಬೆಂಚು ಕಿರುಗುಟ್ಟಿತು. ಡೇರೆಗೆ ಡೇರೆಯೇ ನೋಡುತ್ತಿದ್ದಂತೆ, ನಿಷ್ಕಳಂಕ ಗೆರ್ನೋಟ್ ಡಿಟ್‌ಮಾರ್ ಎದ್ದು ನಿಂತರು.

"ಅದು ಅವನಲ್ಲ. ನಾನು!"

ವೆಂಡೆಲಿನ್ ಅವರ ಕೋಟು ಜಗ್ಗಿದ. "ಕೂತ್ಕೊಳ್ಳೋ! ನಿನ್ನ ಮಾನ ಕಾಪಾಡ್ತಿದೀನಿ!"

"ನನ್ನ ಮಾನ ನೀನು ಕಾಪಾಡು. ನನ್ನ ಹೆಂಡ್ತಿನ ನಾನು ಕಾಪಾಡ್ತೀನಿ!" ಮಾಸ್ತರರು ಪ್ಲಾಟ್‌ಫಾರಂ ದನಿಯಲ್ಲಿ ಸಾರಿದರು: "ಅಂಗಿ ಅವನದು. ಒಳಗಿದ್ದವನು ನಾನು. ಹೃದಯ ಬರೆಸಿದ್ದು ನಾನು, ದೆವ್ವಕ್ಕೆ ಹೊಡೆದದ್ದು ನಾನು, ಬಟ್ಟಲು ಬೀಳಿಸಿದ್ದು ನಾನು! ಪ್ರವಚನದಲ್ಲಿ ಹೆಸರು ತಿದ್ದಿ!"

ತಲೆಗಳು ಮಾಸ್ತರರಿಂದ ವೆಂಡೆಲಿನ್ ಕಡೆಗೆ, ಮತ್ತೆ ಮಾಸ್ತರರ ಕಡೆಗೆ ತಿರುಗಿದವು. ಆಮೇಲೆ ಡೇರೆಯ ಬಟ್ಟೆ ಹರಿಯುವಂಥ ನಗು! ಮೇಯರ್ ಕಣ್ಣೊರೆಸಿಕೊಂಡರು, ಹಲ್ಲಿನ ಡಾಕ್ಟರರ ಸೆಟ್ಟು ಮತ್ತೆ ಬಿತ್ತು.

"ಸ್ಟೇಷನ್ ಮಾಸ್ತರ್ರು ಇಲಿಮರಿ ಅಂದ್ರಂತೆ!"

"ಕೈ ಹಿಂದೆ ಕಟ್ಕೊಂಡು ನಡೆಯೋ ಮಾಸ್ತರ್ರು ಪೊರಕೆ ಉರುಳಿಸಿ ಓಡಿದ್ರಂತೆ!"

"ಪಾಪ, ಹೊಟ್ಟೆಕಿಚ್ಚು ರೀ! ಹೆಂಡ್ತಿ ಕೆಂಪಾಗಿದ್ದು ನೋಡಿ ತಡ್ಕೊಳ್ಳೋಕೆ ಆಗಿಲ್ಲ!"

"ಅವರು ಸುಳ್ಳು ಹೇಳೋರಲ್ಲಪ್ಪ," ಎಂದಿತು ಮೂಲೆಯಿಂದ ಒಂದು ದನಿ. ಬೇಕರಿ ಅಜ್ಜಿ.

"ಸರಿ, ಪರೀಕ್ಷೆ ಆಗ್ಲಿ!" ಆನ್ಸ್‌ಗರ್ ಪೀಪಾಯಿಯ ಮೇಲೆ ಕಾಲಪ್ಪಳಿಸಿದ. "ಮಾಸ್ತರ್ರೇ, ಬರೆಸಿದ್ದು ನೀವೇ ಆದ್ರೆ, ಇಲ್ಲೇ, ನಮ್ಮೆದುರಿಗೇ, ನಿಮ್ಮ ಹೆಂಡ್ತಿನ ಹಾಗಂತ ಒಂದ್ಸಲ ಕರೀರಿ. ಒಂದೇ ಸಲ. ಈಗಿಂದೀಗ್ಲೇ ಹೆಸರು ತಿದ್ದುತೀನಿ."

ಡೇರೆ ಉಸಿರು ಹಿಡಿಯಿತು. ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ರೋಸ್ವಿತಾ ಮುಖವೆತ್ತಿ ನೋಡುತ್ತಿದ್ದರು.

"ಇ..." ಎಂದರು ಮಾಸ್ತರರು.

ಹಣೆಯಲ್ಲಿ ಬೆವರು ಮೂಡಿತು. ಕೊರಳ ನರ ಉಬ್ಬಿತು. ಇಡೀ ಜೀವಮಾನ ದೂರದೂರದ ನಿಲ್ದಾಣಗಳ ಉದ್ದುದ್ದ ಹೆಸರುಗಳನ್ನು ತಡವರಿಸದೆ ಸಾರಿದ ಗಂಟಲು ಅದು!

"ಇ... ಇಲ್..." ಎಂದರು. ಹೊರಗೆ ರಾಟವಾಳದ ಹಾಡೂ ನಿಂತಿತ್ತು. ಮಾಸ್ತರರು ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು, ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು:

"ಶ್ರೀಮತಿ ಡಿಟ್‌ಮಾರ್ ಅವರೇ!"

ಡೇರೆ ಬಿತ್ತು. ಬೆಂಚುಗಳು ಬಿದ್ದವು. ನಕ್ಕು ನಕ್ಕು ಒಬ್ಬ ವಿಧವೆ ಶವಪೆಟ್ಟಿಗೆಯೊಳಕ್ಕೆ ಬಿದ್ದ; ಅವನನ್ನೂ ಸೇರಿಸಿ ಹೂಳಲು ಹೊರಟಿದ್ದರಂತೆ.

ಆನ್ಸ್‌ಗರ್ ಟೊಪ್ಪಿ ತೆಗೆದು ತೀರ್ಪು ಕೊಟ್ಟ. "ಬಂಧುಗಳೇ! ಆಪಾದನೆ ಸಾಬೀತಾಗಿಲ್ಲ. ಸ್ಟೇಷನ್ ಮಾಸ್ತರ್ ಡಿಟ್‌ಮಾರ್ ಅವರ ಹೆಸರು ಈ ವರ್ಷವೂ ನಿಷ್ಕಳಂಕ!"

ಜನ ಚಪ್ಪಾಳೆ ತಟ್ಟಿದರು. ಅಂಥ ಘೋರವಾದ ಚಪ್ಪಾಳೆಯನ್ನು ಮಾಸ್ತರರು ಹಿಂದೆಂದೂ ಕೇಳಿರಲಿಲ್ಲ. ಕುಸಿದು ಕೂತು, ಇನ್ನು ಉಳಿದಿರುವುದು ಆ ಹೋಳುಗಳಷ್ಟೇ, ಅದನ್ನಾದರೂ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳೋಣವೆಂದು ತಲೆಯೆತ್ತಿದರೆ, ಗೆದ್ದವನ ಬಹುಮಾನವೆಂದು ಹೋಳುಗಳನ್ನು ವೆಂಡೆಲಿನ್‌ಗೇ ಕೊಟ್ಟಿದ್ದರು. ಗೆಳೆಯನನ್ನು ಪೂರ್ತಿ ಪಾರುಮಾಡುವ ಉಮೇದಿನಲ್ಲಿ ಅವನು ಸಾಕ್ಷ್ಯವನ್ನು ಬಿಯರಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ. 'ನೀನಿಲ್ಲದೆ' ಆಗಲೇ ಹೋಗಿತ್ತು. 'ನಾನಿಲ್ಲ' ಹಲ್ಲಿನ ನಡುವೆ ಇತ್ತು.

ಗೊಂಬೆಯನ್ನು ಹೂಳಿ ಜನ ಚದುರಿದರು. ಗಂಡ ಹೆಂಡತಿ ಮೈದಾನದ ಅಂಚಿನಲ್ಲಿ ಮನೆಯ ದಾರಿ ಹಿಡಿದರು. ಸರಪಳಿ ಉಯ್ಯಾಲೆಯನ್ನು ಬಿಚ್ಚಿ ಲಾರಿಗೆ ತುಂಬುತ್ತಿದ್ದರು.

"ರೋಸ್ವಿತಾ," ಮಾಸ್ತರರು ಕೊನೆಗೆ ಬಾಯಿ ತೆರೆದರು. "ನಾನು ಅಲ್ಲಿ ಹೇಳಿದ್ದು..."

"ಏನೂ ಹೇಳ್ಬೇಡಿ." ರೋಸ್ವಿತಾ ಅವರ ತೋಳಿನೊಳಗೆ ಕೈ ಹಾಕಿದರು. ಇಷ್ಟು ವರ್ಷದಲ್ಲಿ ಬೀದಿಯಲ್ಲಿ ಹಾಗೆ ಕೈ ಹಾಕಿದ್ದಿಲ್ಲ. "ನನಗೆ ಗೊತ್ತು ರೀ. ಅವನು ಏನೋ ಕುಡಿದ ಮತ್ತಿನಲ್ಲಿ ಬರೆಸಿದ. ಒಂದು ರೊಟ್ಟಿ ಹೃದಯ, ಯಾರು ಬೇಕಾದ್ರೂ ಕೊಡಿಸ್ತಾರೆ, ಅದರಲ್ಲೇನಿದೆ! ಆದ್ರೆ ಊರಿಗೆ ಊರೇ ನಗ್ತಿರುವಾಗ, ಆ ಹೆಸರು ಹೆಸರು ಅಂತ ಸಾಯ್ತಿದ್ದ ನೀವು, ಎದ್ದು ನಿಂತು ಅಷ್ಟು ದೊಡ್ಡ ಸುಳ್ಳು ಹೇಳಿದ್ರಲ್ಲ, ನನಗೋಸ್ಕರ..." ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು. "ಅಂಥದ್ದನ್ನ ಯಾವ ಅಂಗಡೀಲಿ ಬರೆಸ್ತಾರೆ ಹೇಳಿ."

ಮಾಸ್ತರರು ನಿಂತರು. ಸತ್ಯ ನಾಲಗೆಯ ತುದಿಯಲ್ಲೇ ಇತ್ತು. ಹೃದಯದ ಅಂಗಡಿಯವಳು ಇನ್ನೂ ಹೊರಟಿರಲಿಲ್ಲ. ಕರೆದು ಕೇಳಿದರೆ ಸಾಕ್ಷಿ ಹೇಳುತ್ತಿದ್ದಳು. ತಿರುಗಿ ಹೆಂಡತಿಯ ಮುಖ ನೋಡಿದರು. ಎಷ್ಟೋ ಹೊತ್ತು ನೋಡಿದರು.

"ಹೌದು ರೋಸ್ವಿತಾ," ಎಂದರು, ಸ್ವಲ್ಪ ಮೆಲ್ಲಗೆ. "ಸುಳ್ಳೇ ಹೇಳಿದೆ."